ನೀರುಗಂಟಿಯ ಖಾಲಿ ಜಾಗ

ಗ್ರಾಮ ಪಂಚಾಯಿತಿಯ ಸಿಬ್ಬಂದಿ ಪಟ್ಟಿಯಲ್ಲಿ ಬಿಲ್ ಕಲೆಕ್ಟರ್, ಜವಾನ, ಸ್ವಚ್ಛತಾಗಾರರ ಜೊತೆಗೆ ಒಂದು ಹಳೆಯ ಹೆಸರು ಇನ್ನೂ ಉಳಿದುಕೊಂಡಿದೆ: ನೀರುಗಂಟಿ. ಕರೆಂಟು ಬಂದ ಹೊತ್ತಿಗೆ ಎದ್ದು ಕೊಳವೆಬಾವಿಯ ಮೋಟರು ಹಾಕುವುದು, ಟ್ಯಾಂಕು ತುಂಬಿಸುವುದು, ಇವತ್ತು ಮೇಲಿನ ಬೀದಿಗೆ ನಾಳೆ ಕೆಳಗಿನ ಬೀದಿಗೆ ಎಂದು ವಾಲ್ವ್ ತಿರುಗಿಸುವುದು ಈಗಿನ ನೀರುಗಂಟಿಯ ಕೆಲಸ. ನೀರು ಬಾರದ ದಿನ ಬೈಸಿಕೊಳ್ಳುವುದೂ ಅವನದೇ ಪಾಲು. ಕೋಲಾರದ ಕಡೆಯ ಹುಡುಗರನ್ನು ನೀರುಗಂಟಿ ಎಂದರೆ ಯಾರು ಎಂದು ಕೇಳಿದರೆ ‘ನಲ್ಲಿ ನೀರು ಬಿಡೋರು’ ಅಂದಾರು. ತಪ್ಪೇನಿಲ್ಲ. ಆದರೆ ಹೆಸರು ಕೆರೆಯಿಂದ ನಲ್ಲಿಗೆ ಬರುವಷ್ಟರಲ್ಲಿ ಕೆಲಸದ ಮುಕ್ಕಾಲು ಪಾಲು ದಾರಿಯಲ್ಲೇ ಸೋರಿಹೋಗಿದೆ. ಸೋರಿಹೋದದ್ದು ಏನೆಂದು ವಿಚಾರಿಸಿದರೆ, ಸಹಭಾಗಿತ್ವ ಎಂದು ನಾವು ಸಭೆಗಳಲ್ಲಿ ಧಾರಾಳವಾಗಿ ಬಳಸುವ ಮಾತಿಗೆ ಹೊಲದಲ್ಲಿ, ಗದ್ದೆಯಲ್ಲಿ ಏನು ಅರ್ಥವಿತ್ತು ಎನ್ನುವುದು ಸ್ವಲ್ಪ ತಿಳಿದೀತು.

ಬಯಲುಸೀಮೆಯ ಯಾವುದೇ ಹಳೆಯ ಕೆರೆಯ ಏರಿ ಹತ್ತಿ ಒಳಗೆ ನೋಡಿ. ನೀರಿನಲ್ಲಿ, ಅಥವಾ ಈಗಿನ ಸ್ಥಿತಿಗೆ ತಕ್ಕಂತೆ ಹೇಳುವುದಾದರೆ ಜಾಲಿಯ ಪೊದೆಯಲ್ಲಿ, ಎರಡು ಕಲ್ಲುಕಂಬಗಳು ನಿಂತಿರುತ್ತವೆ. ಅವನ್ನು ಬೆಸೆದ ಅಡ್ಡಕಲ್ಲಿನಲ್ಲಿ ಒಂದು ತೂತು. ಆ ತೂತಿನೊಳಗಿಂದ ಒಂದು ಗಳು ಕೆಳಗಿಳಿದು, ಅದರ ತುದಿಯ ಬಿರಡೆ ತಳದ ಚಪ್ಪಡಿಯ ಕಂಡಿಗೆ ಕೂತುಕೊಳ್ಳುತ್ತಿತ್ತು. ಇದೇ ತೂಬು. ಗಳುವನ್ನು ಎಷ್ಟು ಎತ್ತಿದರೆ ಎಷ್ಟು ನೀರು ಏರಿಯ ಅಡಿಯ ಸುರಂಗದಲ್ಲಿ ಹಾದು ಅಚ್ಚುಕಟ್ಟಿನ ಕಾಲುವೆಗೆ ಇಳಿಯುತ್ತದೆ ಎನ್ನುವುದು ನೀರುಗಂಟಿಗೆ ಕೈಯ ಅಳತೆ. ಕೆರೆ ತುಂಬಿದಾಗ ಈಜಿಕೊಂಡು ಹೋಗಿ ತೂಬು ತೆರೆಯಬೇಕು, ಕೆಲವೊಮ್ಮೆ ಮುಳುಗಿ ಕೆಸರು ತೆಗೆಯಬೇಕು. ಜೀವಕ್ಕೆ ಅಪಾಯವಿದ್ದ ಕೆಲಸ. ತೂಬಿನ ಹತ್ತಿರವೋ ಏರಿಯ ಮೇಲೋ ಗಂಗಮ್ಮನ ಗುಡಿ ಇರುವುದು ಸುಮ್ಮನೆ ಅಲ್ಲ.

ತೂಬು ಎತ್ತುವುದು ಮಾತ್ರ ಕೆಲಸವಾಗಿದ್ದರೆ ಅದಕ್ಕೆ ಊರಿನ ಹನ್ನೆರಡು ಮಂದಿ ಆಯಗಾರರ ಸಾಲಿನಲ್ಲಿ, ಗೌಡ, ಶಾನುಭೋಗ, ತಳವಾರ, ತೋಟಿಯರ ಜೊತೆಗೆ, ಒಂದು ಪ್ರತ್ಯೇಕ ಸ್ಥಾನ ಬೇಕಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಆಯ ಸಲ್ಲುತ್ತಿತ್ತು; ಹಲವು ಊರುಗಳಲ್ಲಿ ಇನಾಮು ಜಮೀನೂ ಇತ್ತು. ಅದಕ್ಕೆ ಬದಲಾಗಿ ಅವನು ಕೊಡುತ್ತಿದ್ದುದರಲ್ಲಿ ದೊಡ್ಡ ಪಾಲು ಸುದ್ದಿ. ಮುಂಗಾರಿಗೆ ಎಷ್ಟು ನೀರು ಬಂತು, ಕಂಬದ ಯಾವ ಗುರುತಿಗೆ ನಿಂತಿದೆ, ಮೇಲಿನೂರಿನ ಕೆರೆ ಕೋಡಿ ಬಿತ್ತೋ ಇಲ್ಲವೋ, ಏರಿಯಲ್ಲಿ ಎಲ್ಲಿ ಹೆಗ್ಗಣ ಬಿಲ ತೋಡಿದೆ, ಯಾರ ಗದ್ದೆ ನಾಟಿಯಾಯಿತು, ಯಾರದು ಹೊಡೆ ಕಟ್ಟುತ್ತಿದೆ, ಕಾಲುವೆಯ ಕೊನೆಯ ಗದ್ದೆಯವನಿಗೆ ನೀರು ಮುಟ್ಟಿತೇ: ಇಷ್ಟೂ ಅವನ ತಲೆಯಲ್ಲಿರುತ್ತಿತ್ತು. ತಲೆಯಲ್ಲಿಟ್ಟುಕೊಂಡರೆ ಪ್ರಯೋಜನವಿಲ್ಲ, ಬಾಯಿಗೂ ತರಬೇಕು. ಅಚ್ಚುಕಟ್ಟುದಾರರು ಸೇರಿದಾಗ ಮೊದಲ ಮಾತು ಅವನದು.

ಆ ಮಾತಿನ ಮೇಲೆ ಬೆಳೆ ನಿರ್ಧಾರವಾಗುತ್ತಿತ್ತು. ಕೆರೆ ತುಂಬಿದ ವರ್ಷ ಅಚ್ಚುಕಟ್ಟೆಲ್ಲ ಭತ್ತ. ಅರೆ ತುಂಬಿದರೆ ರಾಗಿ, ಇಲ್ಲವೇ ಅಚ್ಚುಕಟ್ಟಿನ ಒಂದು ಭಾಗಕ್ಕೆ ಮಾತ್ರ ನೀರು. ಅದಕ್ಕೂ ಕಡಿಮೆಯಾದರೆ ತೂಬು ಮುಚ್ಚಿ, ಇದ್ದುದನ್ನು ದನಕರುಗಳಿಗೆ ಬಿಡುವುದು. ಒಬ್ಬನು ಭತ್ತ, ಪಕ್ಕದವನು ರಾಗಿ, ಅವನ ಪಕ್ಕದವನು ಕಬ್ಬು ಎಂದು ಮನಸ್ಸಿಗೆ ಬಂದದ್ದನ್ನು ಹಾಕಿದರೆ ಒಂದೇ ಕಾಲುವೆಯಿಂದ ಸರದಿ ನಡೆಸುವುದು ಯಾರಿಂದಲೂ ಆಗದು. ನಮ್ಮ ಹಿಂದಿನವರು ಕೂಡಿ ಬೆಳೆಯುತ್ತಿದ್ದರು ಎಂದರೆ ಅವರೆಲ್ಲ ಒಳ್ಳೆಯವರು ಎಂದು ಅರ್ಥವಲ್ಲ. ಒಂದೇ ತೂಬಿಗೆ ಕಟ್ಟುಬಿದ್ದವರು, ಅಷ್ಟೆ. ಅನೇಕ ಕಡೆ ಗದ್ದೆಯ ಒಡೆಯನೇ ತನ್ನ ಗದ್ದೆಯ ಮಡೆ ಮುಟ್ಟುವಂತಿರಲಿಲ್ಲ. ನೀರು ಹಾಯಿಸುವ ಅಧಿಕಾರ ನೀರುಗಂಟಿಯ ಸನಿಕೆಗೆ ಮಾತ್ರ.

ಅಚ್ಚುಕಟ್ಟುದಾರರ ಜಗಳ ಸುಲಭದ್ದು. ಕಷ್ಟವಿದ್ದುದು ಗದ್ದೆ ಇಲ್ಲದವರ ಲೆಕ್ಕದಲ್ಲಿ. ಗದ್ದೆಯವರಿಗೆ ಕೆರೆಯ ನೀರು ಕೊನೆಯ ಹನಿವರೆಗೂ ಕಾಲುವೆಗೆ ಇಳಿಯಬೇಕು. ಕುರಿ ದನ ಮೇಯಿಸುವವರಿಗೆ ಬೇಸಿಗೆಯವರೆಗೂ ಕೆರೆಯೊಳಗೆ ನೀರು ನಿಲ್ಲಬೇಕು. ಮೀನು ಹಿಡಿಯುವವರಿಗೂ ಹಾಗೆಯೇ. ಮಡಿವಾಳರಿಗೆ ಬಟ್ಟೆ ಒಗೆಯುವ ಕಲ್ಲಿನವರೆಗೆ ನೀರಿರಬೇಕು. ಕುಂಬಾರರಿಗಾದರೋ ನೀರು ಹಿಂದೆ ಸರಿದು ಜೇಡಿಮಣ್ಣು ಸಿಗಬೇಕು. ರೈತರಿಗೂ ಬೇಸಿಗೆಯಲ್ಲಿ ಕೆರೆ ಒಣಗಿದರೇ ಒಳ್ಳೆಯದು, ಗೋಡು ತುಂಬಿಕೊಂಡು ಹೊಲಕ್ಕೆ ಹೊಡೆಯಬಹುದು. ಒಂದೇ ನೀರಿಗೆ ಇಷ್ಟು ಮಂದಿ, ಒಬ್ಬೊಬ್ಬರಿಗೆ ಒಂದೊಂದು ತಿಂಗಳಲ್ಲಿ ಬೇರೆಬೇರೆ ಮಟ್ಟ. ಇವರೆಲ್ಲರ ಅಗತ್ಯವನ್ನು ತಿಳಿದು ತೂಬನ್ನು ಎತ್ತಿ ಇಳಿಸುವವನಿಗೆ ಈಗಿನ ಭಾಷೆಯಲ್ಲಿ ದೊಡ್ಡ ಹೆಸರುಗಳಿವೆ. ಆಗ ಅವನ ಹತ್ತಿರ ಇದ್ದುದು ಒಂದು ಸನಿಕೆ, ಒಂದು ಕಂಬಳಿ.

ಊರಿನೊಳಗೇ ಇಷ್ಟಾದರೆ ಊರುಗಳ ನಡುವೆ ಇನ್ನೆಷ್ಟು? ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ಒಂಟಿಯಲ್ಲ, ಸರಪಳಿ. ಮೇಲಿನದರ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ಪಾಲಾರ್, ದಕ್ಷಿಣ ಪಿನಾಕಿನಿಗಳ ಕಣಿವೆಗಳಲ್ಲಿ ಕೆರೆಗಳನ್ನು ಹೀಗೆ ಒಂದರ ಕೆಳಗೊಂದು ಎಷ್ಟು ಒತ್ತಾಗಿ ಕಟ್ಟಿದ್ದರೆಂದರೆ, 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಜಾಣ್ಮೆಯ ಕೆಲಸ ಎಂಬರ್ಥದಲ್ಲಿ ಬರೆದಿಟ್ಟಿದ್ದಾನೆ. ಇಂದಿಗೂ ರಾಜ್ಯದ ಲೆಕ್ಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ಇಂಥ ಸರಪಳಿಯಲ್ಲಿ ಮೇಲಿನೂರಿನವರು ರಾತ್ರೋರಾತ್ರಿ ಕೋಡಿಯ ಮೇಲೆ ಮರಳಿನ ಮೂಟೆ ಪೇರಿಸಿ ಒಂದು ಅಡಿ ಎತ್ತರಿಸಿಕೊಂಡರೆ ಕೆಳಗಿನೂರಿಗೆ ಬರ. ಅದನ್ನು ಮೊದಲು ಪತ್ತೆ ಮಾಡುವವನು ಕೆಳಗಿನೂರಿನ ನೀರುಗಂಟಿ.

ಈ ಜಗಳ ದೊಡ್ಡದಾಗಿ ಎರಡು ಸರ್ಕಾರಗಳ ನಡುವೆಯೂ ನಡೆದಿದೆ. ಮೈಸೂರು ತನ್ನ ಕೆರೆಗಳನ್ನು ದುರಸ್ತಿ ಮಾಡಿ ಹೊಸ ಕಟ್ಟೆಗಳನ್ನು ಕಟ್ಟಲು ಹೊರಟಾಗ ಕೆಳಗಿದ್ದ ಮದ್ರಾಸ್ ಪ್ರಾಂತ್ಯ ತಕರಾರು ತೆಗೆಯಿತು. 1892ರ ಫೆಬ್ರವರಿಯ ಒಪ್ಪಂದದ ಪ್ರಕಾರ ನಿಗದಿಯಾದ ನದಿಗಳ ಮೇಲೆ ಹೊಸ ಜಲಾಶಯ ಕಟ್ಟುವ ಮುನ್ನ ಮೈಸೂರು ವಿವರವನ್ನೆಲ್ಲ ಮದ್ರಾಸಿಗೆ ಕೊಟ್ಟು ಒಪ್ಪಿಗೆ ಪಡೆಯಬೇಕು. ಮೊದಲಿನಿಂದ ಬಂದ ಹಕ್ಕನ್ನು ಕಾಪಾಡುವುದಕ್ಕಲ್ಲದೆ ಮದ್ರಾಸು ಒಪ್ಪಿಗೆ ನಿರಾಕರಿಸುವಂತಿಲ್ಲ. ಕಾವೇರಿಯ ಹೆಸರಿನಲ್ಲಿ ನಾವು ನೂರು ಸಲ ಕೇಳಿರುವ ಈ ಒಪ್ಪಂದಕ್ಕೆ ಕೆರೆಗಳ ವ್ಯಾಜ್ಯವೂ ಬೇರು ಎನ್ನುವುದನ್ನು ಮರೆತಿದ್ದೇವೆ. ಅದು ನ್ಯಾಯವಾಗಿತ್ತೇ ಎನ್ನುವುದು ಬೇರೆ ಮಾತು. ‘ಕಟ್ಟುವ ಮುನ್ನ ಕೆಳಗಿನವನಿಗೆ ತಿಳಿಸು’ ಎಂಬ ಹಳ್ಳಿಯ ತತ್ವವೇ ಅಲ್ಲಿ ಕಾನೂನಿನ ಅಂಗಿ ತೊಟ್ಟಿದೆ.

ಇಲ್ಲಿಗೆ ನಿಲ್ಲಿಸಿ ‘ಎಂಥ ಕಾಲವಿತ್ತು’ ಎಂದು ನಿಟ್ಟುಸಿರು ಬಿಡುವುದು ಸುಲಭ. ಕೆರೆಯ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳಲ್ಲಿ ಹೆಚ್ಚಿನವು ಅದನ್ನೇ ಮಾಡುತ್ತವೆ. ನನಗೆ ಆ ನಿಟ್ಟುಸಿರಿನ ಮೇಲೆ ನಂಬಿಕೆ ಕಡಿಮೆ. ಕೆರೆ ಕಟ್ಟಿದ್ದು, ಹೂಳೆತ್ತಿದ್ದು ಎಲ್ಲವೂ ಕೂಡಿಕೆಯ ಕೆಲಸವೇನಲ್ಲ. ಮುಯ್ಯಾಳಿನ ಲೆಕ್ಕದಲ್ಲಿ ಒಬ್ಬರ ಗದ್ದೆಗೆ ಒಬ್ಬರು ದುಡಿದದ್ದೂ ಉಂಟು, ಬಿಟ್ಟಿಗೆ ಎಳೆದುಕೊಂಡು ಹೋಗಿ ದುಡಿಸಿದ್ದೂ ಉಂಟು. ಕೆರೆಯ ಕಥೆ ಹೇಳುವ ನಮ್ಮ ಅತಿ ಹೆಸರಾದ ಜನಪದ ಗೀತೆ ‘ಕೆರೆಗೆ ಹಾರ’. ಅಲ್ಲಿ ನೀರಿಗಾಗಿ ಬಲಿಯಾಗುವವಳು ಮನೆಯ ಕಿರಿಯ ಸೊಸೆ. ಅವಳಿಗೆ ವಿಷಯ ತಿಳಿದಿದೆ, ಒಬ್ಬರೂ ನೇರವಾಗಿ ಹೇಳುವುದಿಲ್ಲ. ಊರಿನ ಒಳಿತಿಗೆ ಎಂದು ನಡೆದ ನಿರ್ಧಾರದಲ್ಲಿ ಯಾರಿಗೆ ಮಾತು ಇತ್ತು, ಯಾರಿಗೆ ಇರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಖಾರವಾದ ಸಾಕ್ಷಿ ಬೇಕಿಲ್ಲ. ಎಶಾ ಷಾ ಅವರು ಕರ್ನಾಟಕದ ಕೆರೆಗಳ ಕುರಿತ ತಮ್ಮ ಅಧ್ಯಯನದಲ್ಲಿ ಈ ಬಲವಂತದ ಮುಖವನ್ನೇ ಹಿಡಿದು ತೋರಿಸಿದ್ದಾರೆ.

ನೀರುಗಂಟಿಯ ಹುದ್ದೆಗೂ ಇದೇ ಮಾತು ಅನ್ವಯಿಸುತ್ತದೆ. ಹಲವು ಊರುಗಳಲ್ಲಿ ಆ ಕೆಲಸ ದಲಿತ ಕುಟುಂಬಗಳದು, ಅಪ್ಪನಿಂದ ಮಗನಿಗೆ ಬರುವಂಥದು. ಅಚ್ಚುಕಟ್ಟಿನಲ್ಲಿ ದೊಡ್ಡ ಜಮೀನಿಲ್ಲದವನಾದ್ದರಿಂದ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ ಎಂದು ಹಿರಿಯರು ಸಮರ್ಥನೆ ಹೇಳುತ್ತಾರೆ. ಅದರಲ್ಲಿ ಸತ್ಯವಿದೆ. ಜಮೀನಿಲ್ಲದವನು ಎದುರಾಡುವುದೂ ಇಲ್ಲ ಎನ್ನುವುದು ಅದರ ಇನ್ನೊಂದು ಮಗ್ಗುಲು. ನೀರಿನ ಲೆಕ್ಕ ಅವನಿಗೆ ಗೊತ್ತು, ಅದೇ ಊರಿನ ಬಾವಿಯಿಂದ ನೀರು ಸೇದುವ ಹಕ್ಕು ಅವನಿಗಿಲ್ಲ. ಅಂಥ ಹುದ್ದೆ ಹೋದದ್ದಕ್ಕೆ ಅಳಬೇಕಾದದ್ದಿಲ್ಲ.

ಹೋದದ್ದು ಹೀಗೆ: ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸುವ 1961ರ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ಪಟೇಲ, ಶಾನುಭೋಗರ ಜೊತೆಗೆ ತೋಟಿ, ತಳವಾರ, ನೀರುಗಂಟಿಯ ಹುದ್ದೆಗಳೂ ಕಾಗದದ ಮೇಲೆ ಮುಗಿದವು. ಇನಾಮು ಜಮೀನು ಅನುಭವಿಸುತ್ತಿದ್ದವರಿಗೆ ಮರುಮಂಜೂರಾಗುವ ದಾರಿ ತೆರೆಯಿತು. ಸಾಮಾಜಿಕವಾಗಿ ಇದು ದೊಡ್ಡ ಹೆಜ್ಜೆ. ಶಾನುಭೋಗರ ಬದಲಿಗೆ ಗ್ರಾಮಲೆಕ್ಕಿಗರು ಬಂದರು, ಸಂಬಳವೂ ಬಂತು. ಕಂದಾಯ ವಸೂಲಿ ಒಂದು ದಿನವೂ ನಿಲ್ಲಬಾರದಲ್ಲ. ನೀರುಗಂಟಿಯ ಬದಲಿಗೆ ಯಾರನ್ನೂ ತಂದು ಕೂರಿಸಲಿಲ್ಲ. 1911ರಷ್ಟು ಹಿಂದೆಯೇ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳಿಗಾಗಿಯೇ ಒಂದು ಕಾನೂನು ಮಾಡಿತ್ತು. ಆ ಜಾಡೂ ಮಸುಕಾಯಿತು. ಸಣ್ಣ ಕೆರೆ ಪಂಚಾಯಿತಿಗೆ, ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ, ಅಂಗಳ ಕಂದಾಯಕ್ಕೆ, ಮೀನು ಮೀನುಗಾರಿಕೆಗೆ, ಅಂಚಿನ ಗಿಡ ಅರಣ್ಯಕ್ಕೆ. ಒಬ್ಬ ಮನುಷ್ಯನ ತಲೆಯಲ್ಲಿದ್ದ ಲೆಕ್ಕ ಐದು ಕಚೇರಿಗಳ ಕಡತಗಳಿಗೆ ಹಂಚಿಹೋಯಿತು, ಆ ಕಡತಗಳು ಒಂದನ್ನೊಂದು ಮಾತಾಡಿಸುವುದಿಲ್ಲ.

ಕೊಳವೆಬಾವಿ ಬಂದ ಮೇಲಂತೂ ಮಾತಾಡಿಸುವ ಅಗತ್ಯವೇ ತಪ್ಪಿತು. ಸ್ವಂತ ಬೋರು ಇದ್ದವನಿಗೆ ಸರದಿ ಯಾಕೆ, ಸಭೆ ಯಾಕೆ? ರಾತ್ರಿ ಎರಡು ಗಂಟೆಗೆ ಮೂರು ಫೇಸ್ ಬಂದಾಗ ಎದ್ದು ಹೋಗಿ ಗುಂಡಿ ಒತ್ತಿದರಾಯಿತು. ಪಕ್ಕದವನ ಬಾವಿ ಯಾವಾಗ ಬತ್ತಿತು ಎನ್ನುವುದು ಅವನು ಹೊಸ ಬೋರಿಗೆ ಲಾರಿ ಕರೆಸಿದಾಗ ಗೊತ್ತಾಗುತ್ತದೆ. ಕೋಲಾರದಲ್ಲಿ ಸಾವಿರ ಅಡಿ ದಾಟಿ ಕೊರೆಯುವುದು ಈಗ ಸುದ್ದಿಯೇ ಅಲ್ಲ. ಕೆರೆಯ ನೀರು ಕಣ್ಣಿಗೆ ಕಾಣುತ್ತದೆ, ಕಡಿಮೆಯಾದರೆ ಊರಿಗೆಲ್ಲ ಗೊತ್ತು. ನೆಲದಡಿಯ ನೀರನ್ನು ಯಾರೂ ನೋಡಿಲ್ಲ, ಅದರ ಬಗ್ಗೆ ಸಾರಿ ಹೇಳುವವರೂ ಇಲ್ಲ. ಕೆಲವು ಊರುಗಳಲ್ಲಿ ಬೋರು ಇದ್ದ ರೈತರೇ ಸೇರಿ ಕೆರೆಯ ತೂಬನ್ನು ಮುಚ್ಚಿಸಿದರು. ನೀರು ಇಂಗಿದರೆ ಬಾವಿಗಳಿಗೆ ಒಳ್ಳೆಯದು ಎಂಬ ಲೆಕ್ಕ. ಲೆಕ್ಕ ಸರಿ. ಬೋರು ತೆಗೆಸಲು ಹಣವಿಲ್ಲದ, ಕಾಲುವೆಯನ್ನೇ ನೆಚ್ಚಿದ್ದ ಕೊನೆಗದ್ದೆಯವನು ಆ ಮಾತುಕತೆಯಲ್ಲಿ ಎಲ್ಲಿದ್ದ?

ಸರ್ಕಾರಗಳಿಗೆ ಈ ಬಿರುಕು ಕಾಣಲಿಲ್ಲ ಎನ್ನುವಂತಿಲ್ಲ. 2000ದಲ್ಲಿ ಹುಟ್ಟಿದ ಜಲಸಂವರ್ಧನೆ ಯೋಜನಾ ಸಂಘ ವಿಶ್ವಬ್ಯಾಂಕಿನ ಸಾಲದಿಂದ ಸಮುದಾಯ ಆಧಾರಿತ ಕೆರೆ ಯೋಜನೆಯನ್ನು ನಡೆಸಿತು. ಹೂಳೆತ್ತುವ ಮೊದಲು ಊರಿನಲ್ಲಿ ಕೆರೆ ಬಳಕೆದಾರರ ಸಂಘ ಕಟ್ಟಬೇಕು, ಅದರಲ್ಲಿ ಭೂಮಿಯಿಲ್ಲದವರೂ ಹೆಂಗಸರೂ ಇರಬೇಕು, ಊರವರೂ ಒಂದಿಷ್ಟು ವಂತಿಗೆ ಹಾಕಬೇಕು ಎಂಬ ನಿಯಮಗಳೆಲ್ಲ ಸರಿಯಾಗಿಯೇ ಇದ್ದವು. ಹಿಂದಿನ ಕಾಲದ ಸಭೆಗಿಂತ ಈ ಸಂಘ ನ್ಯಾಯದಲ್ಲಿ ಎಷ್ಟೋ ಮುಂದೆ. ಆದರೂ ಕಾಮಗಾರಿ ಮುಗಿದ ಮೇಲೆ ಅನೇಕ ಕಡೆ ಸಂಘದ ಬೋರ್ಡಿಗೆ ತುಕ್ಕು ಹಿಡಿಯಿತು. ನನ್ನ ಅಂದಾಜಿನಲ್ಲಿ ಕಾರಣ ತೀರಾ ಸಾದಾ. ಸಂಘಕ್ಕೆ ಅಧ್ಯಕ್ಷರಿದ್ದರು, ಕಾರ್ಯದರ್ಶಿ ಇದ್ದರು, ಖಜಾಂಚಿ ಇದ್ದರು. ದಿನಾ ಬೆಳಿಗ್ಗೆ ಏರಿಯ ಮೇಲೆ ನಡೆದು ನೀರು ನೋಡಿ ಬಂದು ಊರಿಗೆ ಹೇಳುವುದಕ್ಕೆ ಕೂಲಿ ಕೊಟ್ಟು ಇಟ್ಟುಕೊಂಡ ಒಬ್ಬ ಮನುಷ್ಯ ಇರಲಿಲ್ಲ. ಹೇಳುವುದಕ್ಕೆ ಏನೂ ಇಲ್ಲದ ಸಭೆಗೆ ಜನ ಎಷ್ಟು ದಿನ ಬಂದಾರು?

ಕೃಷಿ ಇಲಾಖೆಯಲ್ಲಿ ಸುದ್ದಿ ಹರಿಯುವ ರೀತಿಯೂ ಬಹುಕಾಲ ಒಮ್ಮುಖವೇ. ಎಪ್ಪತ್ತರ ದಶಕದಲ್ಲಿ ಇಸ್ರೇಲಿನ ಡೇನಿಯಲ್ ಬೆನೋರ್ ರೂಪಿಸಿದ, ವಿಶ್ವಬ್ಯಾಂಕ್ ದೇಶದುದ್ದಕ್ಕೂ ಹರಡಿದ ‘ತರಬೇತಿ ಮತ್ತು ಭೇಟಿ’ ಪದ್ಧತಿಯಲ್ಲಿ ವಿಜ್ಞಾನಿ ಅಧಿಕಾರಿಗೆ ಹೇಳುವನು, ಅಧಿಕಾರಿ ಗ್ರಾಮಸೇವಕನಿಗೆ, ಗ್ರಾಮಸೇವಕ ಆಯ್ದ ‘ಸಂಪರ್ಕ ರೈತ’ನಿಗೆ, ಅವನು ಉಳಿದವರಿಗೆ. ನಿಗದಿಯಾದ ದಿನ, ನಿಗದಿಯಾದ ಊರು, ನಿಗದಿಯಾದ ಸಂದೇಶ. ಕೆಲಸ ಆಗಲಿಲ್ಲವೆಂದಲ್ಲ. ಅದಕ್ಕೂ ಮೊದಲು ಅರವತ್ತರ ದಶಕದ ಕೊನೆಯಲ್ಲಿ ತಂಜಾವೂರಿನ ರೈತರು ಆಕಾಶವಾಣಿಯಲ್ಲಿ ಕೇಳಿ ಎಡಿಟಿ-27 ಎಂಬ ಭತ್ತದ ತಳಿಗೆ ಎಷ್ಟು ಮುಗಿಬಿದ್ದರೆಂದರೆ, ಅದಕ್ಕೆ ‘ರೇಡಿಯೊ ಭತ್ತ’ ಎಂದೇ ಹೆಸರು ಬಿತ್ತು. ಬೀಜ, ಗೊಬ್ಬರದ ಸುದ್ದಿ ಮೇಲಿನಿಂದ ಕೆಳಗೆ ಬರಬಹುದು. ನನ್ನ ಗದ್ದೆಗೂ ನಿನ್ನ ಗದ್ದೆಗೂ ನಡುವಿನ ನೀರಿನ ಸುದ್ದಿ ಬೆಂಗಳೂರಿನಿಂದ ಬರುವಂಥದಲ್ಲ. ಅದು ಅಡ್ಡಡ್ಡ ಹರಿಯಬೇಕು.

ಅಡ್ಡಡ್ಡ ಹರಿಸುವ ಪ್ರಯತ್ನಗಳು ನಡೆದಿವೆ, ನಮ್ಮಲ್ಲೇ ನಡೆದಿವೆ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಇದರಲ್ಲಿ ದೊಡ್ಡದು. ಶ್ರೀಪಡ್ರೆಯವರು ಮತ್ತು ಅವರ ಜೊತೆಗಾರ ಬೆಳೆಗಾರರು ಹಿಡಿದ ಹಟ ಒಂದೇ: ರೈತರ ಬಗ್ಗೆ ರೈತರೇ ಬರೆಯಬೇಕು. ಬರೆಯಲು ಬಾರದು ಎಂದವರಿಗೆ ಶಿಬಿರ ನಡೆಸಿ ಕೈಗೆ ಲೇಖನಿ ಕೊಟ್ಟರು. ಓದಿದವರು ಬರೆದವರ ತೋಟಕ್ಕೇ ಹೋಗಿ ನೋಡಿಬರುವ ರೂಢಿ ಬೆಳೆಯಿತು. ತಾನು ಮಾಡದ್ದನ್ನು ಬರೆದರೆ ನಾಳೆ ನಾಲ್ಕು ಮಂದಿ ಬಾಗಿಲಿಗೆ ಬಂದು ನಿಲ್ಲುತ್ತಾರೆ ಎಂಬ ಭಯಕ್ಕಿಂತ ದೊಡ್ಡ ಸಂಪಾದಕ ಯಾರು?

ಕಾಸರಗೋಡಿನ ಏತಡ್ಕದ ಕಟ್ಟಗಳ ವಿಷಯ ದೂರದವರಿಗೆ ತಿಳಿದದ್ದು ಇಂಥ ಬರವಣಿಗೆಯಿಂದಲೇ. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣಿನ ತಾತ್ಕಾಲಿಕ ಕಟ್ಟ ಹಾಕುವುದು ಆ ಸೀಮೆಯ ಹಳೆಯ ಪದ್ಧತಿ. ಏತಡ್ಕದಲ್ಲಿ ಒಂದೇ ತೋಡಿಗೆ ಒಂದರ ಹಿಂದೊಂದು ಸಾಲು ಕಟ್ಟಗಳು. ನೀರು ನಿಂತು, ಇಂಗಿ, ಅಡಿಕೆ ತೋಟದ ಬಾವಿಗಳನ್ನು ಬೇಸಿಗೆಯಲ್ಲೂ ಕಾಯುತ್ತದೆ. ಖರ್ಚನ್ನು ತೋಟದವರು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಾರೆ. ಇಲ್ಲಿ ಕಟ್ಟದ ತಂತ್ರ ಸರಳ, ಯಾರು ಬೇಕಾದರೂ ಕಲಿಯಬಹುದು. ಮೇಲಿನವನು ಕಟ್ಟ ಹಾಕುವ ದಿನ ಕೆಳಗಿನವನಿಗೆ ತಿಳಿದಿರಬೇಕು, ಕೆಳಗಿನ ಕಟ್ಟದ ನೀರು ಮೇಲಿನ ಕಟ್ಟದ ಬುಡದವರೆಗೆ ಬಂದು ನಿಲ್ಲುವಂತೆ ಜಾಗ ನೋಡಬೇಕು. ವರ್ಷವರ್ಷವೂ ಆ ಮಾತುಕತೆಯನ್ನು ಮತ್ತೆ ಮೊದಲಿನಿಂದ ನಡೆಸಬೇಕು, ಕಟ್ಟವನ್ನು ಹೊಸದಾಗಿ ಹಾಕಬೇಕಾದಂತೆಯೇ. ಶಾಶ್ವತ ಕಾಂಕ್ರೀಟು ಕಟ್ಟೆಯಾಗಿದ್ದರೆ ಒಮ್ಮೆ ಉದ್ಘಾಟನೆಯಾಗಿ ಮಾತು ನಿಂತುಹೋಗುತ್ತಿತ್ತೇನೋ.

ಕೋಲಾರ ಜಿಲ್ಲೆಯ ಬೂದಿಕೋಟೆ ಹೈದರಾಲಿ ಹುಟ್ಟಿದ ಊರೆಂದು ಪಠ್ಯಪುಸ್ತಕದಲ್ಲಿದೆ. ಅದೇ ಊರಿನಲ್ಲಿ 2001ರ ಸುಮಾರಿಗೆ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ಪ್ರಯತ್ನ ಶುರುವಾಯಿತು ಎನ್ನುವುದು ಪಠ್ಯಪುಸ್ತಕದಲ್ಲಿ ಇಲ್ಲ. ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ನಡೆಸಿದ ಕೆಲಸ. ಹಳ್ಳಿಯ ಸಂಸ್ಥೆಗಳಿಗೆ ತರಂಗಾಂತರ ಕೊಡುವ ನೀತಿಯೇ ಆಗ ಇರಲಿಲ್ಲ. ಅದು ಬಂದದ್ದು 2006ರಲ್ಲಿ. ಹಾಗಾಗಿ ಹೆಂಗಸರು, ರೈತರು ಸೇರಿ ತಯಾರಿಸಿದ ಕಾರ್ಯಕ್ರಮವನ್ನು ಕೇಬಲ್ ತಂತಿಯಲ್ಲಿ ಮನೆಮನೆಗೆ ಹರಿಸಿದರು. ತರಂಗಾಂತರ ಸಿಗದಿದ್ದರೆ ತಂತಿ. ಈ ಹಟ ನನಗೆ ಇಷ್ಟ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ಪ್ರಯೋಗ ನಡೆದದ್ದು ಪಕ್ಕದ, ಆಗಿನ್ನೂ ಅವಿಭಜಿತವಾಗಿದ್ದ ಆಂಧ್ರದಲ್ಲಿ. 2003ರಿಂದ ಕೆಲವು ವರ್ಷ, ಅನಂತಪುರ, ಚಿತ್ತೂರು, ಕಡಪ, ಕರ್ನೂಲು, ಪ್ರಕಾಶಂ, ಮಹಬೂಬ್‌ನಗರ, ನಲ್ಗೊಂಡ ಎಂಬ ಏಳು ಬರಪೀಡಿತ ಜಿಲ್ಲೆಗಳ 600ಕ್ಕೂ ಹೆಚ್ಚು ಹಳ್ಳಿಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಉಸ್ತುವಾರಿಯಲ್ಲಿ ರೈತರೇ ನಡೆಸುವ ಅಂತರ್ಜಲ ಯೋಜನೆಯೊಂದು ನಡೆಯಿತು. ಅದರಲ್ಲಿ ಕಟ್ಟಡ ಇಲ್ಲ, ಪೈಪು ಇಲ್ಲ, ಸಬ್ಸಿಡಿ ಇಲ್ಲ. ಊರಿನ ಗಂಡಸರು ಹೆಂಗಸರು ಮಳೆಮಾಪಕ ನೋಡುವುದನ್ನು ಕಲಿತರು. ಹದಿನೈದು ದಿನಕ್ಕೊಮ್ಮೆ ಆಯ್ದ ಬಾವಿಗಳಲ್ಲಿ ನೀರಿನ ಮಟ್ಟ ಅಳೆದರು. ಅಂಕಿಗಳನ್ನು ಊರಿನ ನಡುವಿನ ಬೋರ್ಡಿನ ಮೇಲೆ ಬರೆದರು. ಮಳೆಗಾಲ ಮುಗಿದ ಮೇಲೆ ಒಂದು ಹಳ್ಳದ ಕಣಿವೆಗೆ ಸೇರಿದ ಊರುಗಳವರೆಲ್ಲ ಸೇರಿ ಕೂಡಿ ಕಳೆದರು: ನೆಲದಡಿ ಇಷ್ಟು ನೀರಿದೆ, ಹಿಂಗಾರಿಗೆ ನಾವು ಹಾಕಬೇಕೆಂದಿರುವ ಭತ್ತ, ಶೇಂಗಾ, ಸೂರ್ಯಕಾಂತಿಗೆ ಇಷ್ಟು ಬೇಕು, ಇಷ್ಟು ಕೊರತೆ.

ಆಮೇಲೆ? ಆಮೇಲೆ ಎಲ್ಲರೂ ಮನೆಗೆ ಹೋದರು. ಭತ್ತ ಹಾಕಬೇಡ ಎಂದು ಯಾರೂ ಯಾರಿಗೂ ಹೇಳಲಿಲ್ಲ, ದಂಡವಿಲ್ಲ, ನಿಷೇಧವಿಲ್ಲ. ನೀರು ಸಾಲುವುದಿಲ್ಲ ಎಂದು ತಿಳಿದ ರೈತ ತನ್ನ ಬೆಳೆ ತನ್ನ ಕೈಯಲ್ಲಿ ಒಣಗುವುದನ್ನು ತಪ್ಪಿಸಲು ತಾನೇ ಭತ್ತ ಕಡಿಮೆ ಮಾಡಿದ. ಎಷ್ಟೋ ಕಣಿವೆಗಳಲ್ಲಿ ನೀರೆತ್ತುವುದು ತಗ್ಗಿತು. ವಿಶ್ವಬ್ಯಾಂಕ್ 2010ರ ತನ್ನ ವರದಿಯಲ್ಲಿ ಇದನ್ನು ಗಮನಾರ್ಹ ಮಾದರಿಯೆಂದು ಎತ್ತಿ ಹಿಡಿಯಿತು. ಇಲ್ಲಿ ತ್ಯಾಗವೂ ಇಲ್ಲ, ಪರೋಪಕಾರವೂ ಇಲ್ಲ; ಸ್ವಂತ ಲಾಭದ ಲೆಕ್ಕಕ್ಕೆ ಸರಿಯಾದ ಅಂಕಿ ಸಿಕ್ಕಿತು. ಮಹಾರಾಷ್ಟ್ರದ ಹಿವರೆ ಬಜಾರಿನ ದಾರಿ ಬೇರೆ. ಅಲ್ಲಿ ಪೋಪಟರಾವ್ ಪವಾರ್ ಅವರ ಮುಂದಾಳುತನದಲ್ಲಿ ಗ್ರಾಮಸಭೆ ನೀರಾವರಿಗೆ ಕೊಳವೆಬಾವಿ ಕೊರೆಯುವುದನ್ನೇ ನಿಷೇಧಿಸಿತು, ವರ್ಷವರ್ಷ ನೀರಿನ ಲೆಕ್ಕ ಸಭೆಯಲ್ಲಿಟ್ಟು ಬೆಳೆ ನಿರ್ಧರಿಸುತ್ತದೆ. ಅಂಥ ಮುಂದಾಳು ಎಲ್ಲ ಊರಿಗೂ ಸಿಗುವುದಿಲ್ಲ. ಮಳೆಮಾಪಕ ಸಿಗುತ್ತದೆ. ಅದಕ್ಕೇ ನನ್ನ ಮತ ಆಂಧ್ರದ ದಾರಿಗೆ. 2019ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕರ್ನಾಟಕವೂ ಸೇರಿ ಏಳು ರಾಜ್ಯಗಳಿಗೆ ತಂದ, 6,000 ಕೋಟಿ ರೂಪಾಯಿಯ ಅಟಲ್ ಭೂಜಲ ಯೋಜನೆಯಲ್ಲೂ ಪಂಚಾಯಿತಿಗಳು ಜಲ ಆಯವ್ಯಯ ಮಾಡಬೇಕೆಂಬ ನಿಯಮ ಇಡಲಾಯಿತು. ಆ ಆಯವ್ಯಯ ಕಂಪ್ಯೂಟರಿನಲ್ಲಿ ಕೂತರೆ ಅದು ಇನ್ನೊಂದು ಕಡತ. ಗೋಡೆಯ ಮೇಲೆ ಬಂದರೆ ಮಾತ್ರ ಊರಿನ ಸುದ್ದಿ.

ಕೋಲಾರಕ್ಕೇ ಹಿಂತಿರುಗೋಣ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಪೈಪಿನಲ್ಲಿ ಏರಿ ಬಂದು ಲಕ್ಷ್ಮೀಸಾಗರ ಕೆರೆಗೆ ಇಳಿಯಿತು. ವರ್ಷಗಟ್ಟಲೆ ಒಣಗಿದ್ದ ಕೆರೆಯಲ್ಲಿ ನೀರು ಕಂಡು ಜನ ಪೂಜೆ ಮಾಡಿದರು. ಮುಂದಿನ ತಿಂಗಳು ನೊರೆ ಕಾಣಿಸಿತು; ವಿಷಯ ಹೈಕೋರ್ಟಿಗೂ ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ಶಾಶ್ವತ ನೀರಾವರಿ ಹೋರಾಟಗಾರರು ಇಂದಿಗೂ ಕೇಳುತ್ತಿದ್ದಾರೆ. ಅಂತರ್ಜಲ ಏರಿದೆ, ಬತ್ತಿದ ಬಾವಿಗಳಲ್ಲಿ ನೀರು ಬಂದಿದೆ ಎಂದು ಹೇಳುವ ರೈತರೂ ಅಷ್ಟೇ ಮಂದಿ ಇದ್ದಾರೆ. ಎರಡೂ ಕಡೆಯವರು ಒಂದೇ ಊರಿನವರು. ಅವರ ನಡುವೆ ಜಗಳ ತೀರದಿರುವುದಕ್ಕೆ ಒಂದು ಕಾರಣ, ಈ ವಾರ ಈ ಕೆರೆಯ ನೀರಿನಲ್ಲಿ ಏನಿದೆ ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆ ಊರಿನ ಗೋಡೆಯ ಮೇಲೆ ಕಾಣದಿರುವುದು. ಪರೀಕ್ಷೆ ನಡೆಸುವವರಿದ್ದಾರೆ, ವರದಿ ಕೇಳುವ ನ್ಯಾಯಾಲಯವಿದೆ. ನಡುವೆ ಏರಿಯಿಂದ ಊರಿಗೆ ನಡೆದು ಬಂದು ಹೇಳುವವನ ಜಾಗ ಖಾಲಿ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಈ ನೀರು ಇಂಗುವುದಕ್ಕೆ ಮಾತ್ರ, ನೇರವಾಗಿ ಗದ್ದೆಗೆ ಹಾಯಿಸುವಂತಿಲ್ಲ ಎಂಬುದು ಯೋಜನೆಯ ಷರತ್ತು. ಹಾಗಾಗಿ ಕೆರೆ ತುಂಬಿದೆ, ತೂಬು ಮುಚ್ಚಿದೆ.

ಹಳೆಯ ನೀರುಗಂಟಿ ಮತ್ತೆ ಬರಬೇಕಾಗಿಲ್ಲ, ಜಾತಿಯ ಹೆಸರಿನಲ್ಲಿ ಬರಲೇಬಾರದು. ಪಂಚಾಯಿತಿಯಲ್ಲಿ ಈಗಾಗಲೇ ಅದೇ ಹೆಸರಿನ ಒಬ್ಬ ನೌಕರ ಇದ್ದಾನೆ, ಸಂಬಳವೂ ಇದೆ, ಅದು ಎಷ್ಟು ಕಡಿಮೆ ಎನ್ನುವುದು ಅವನನ್ನೇ ಕೇಳಬೇಕು. ಅವನ ಕೈಗೆ ಒಂದು ಮಳೆಮಾಪಕ, ಬಾವಿ ಅಳೆಯುವ ಒಂದು ಟೇಪು, ಪಂಚಾಯಿತಿ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಕೊಟ್ಟು ಆ ಕೆಲಸಕ್ಕೆ ತಕ್ಕ ಹೆಚ್ಚಿನ ಸಂಬಳ ಕೊಟ್ಟರೆ ಎಷ್ಟು ಖರ್ಚಾದೀತು? ಒಂದು ಕೆರೆಯ ಹೂಳಿನ ಟೆಂಡರಿಗಿಂತ ಕಡಿಮೆಯೇ ಆದೀತು. ಆ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಂಡರೆ ಇನ್ನೂ ಒಳ್ಳೆಯದು; ನೀರು ಎಲ್ಲಿ ಎಷ್ಟಿದೆ ಎಂಬ ಲೆಕ್ಕ ಮೊದಲಿನಿಂದಲೂ ಕೊಡ ಹೊತ್ತವರಿಗೇ ಚೆನ್ನಾಗಿ ಗೊತ್ತು.

ಅದಾಗುವವರೆಗೆ ಓದುಗರಲ್ಲಿ ಒಂದು ಕೇಳಿಕೆ. 1963ರಲ್ಲಿ 20ರ ಹರೆಯದಲ್ಲಿದ್ದ ನೀರುಗಂಟಿಗೆ ಈಗ 80 ದಾಟಿದೆ. ನಿಮ್ಮೂರಿನಲ್ಲಿ ಅಂಥವರೊಬ್ಬರು ಇದ್ದರೆ, ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅವರ ಜೊತೆ ಏರಿಯ ಮೇಲೆ ಒಂದು ಸುತ್ತು ನಡೆಯಿರಿ. ಯಾವ ಕಾಲುವೆ ಎಲ್ಲಿಗೆ ಹೋಗುತ್ತಿತ್ತು, ನೀರು ಕಡಿಮೆಯಾದ ವರ್ಷ ಮೊದಲು ಯಾರಿಗೆ ಬಿಡುತ್ತಿದ್ದರು, ಯಾರು ಸಿಟ್ಟಾಗುತ್ತಿದ್ದರು ಎಂದು ಕೇಳಿ. ಕೇಳಿದ್ದನ್ನು ಅವತ್ತೇ ಬರೆದಿಟ್ಟುಕೊಳ್ಳಿ.